ಪುಂಡಲೀಕನ ಅರವತ್ತು ಡಬ್ಬಿ

ಪುಂಡಲೀಕನನ್ನು ನಾನು ಮೊದಲ ಸಲ ನೋಡಿದಾಗ ಅವನು ಮೊಣಕಾಲಿನವರೆಗೆ ಯರಗುಪ್ಪಿಯ ಮಣ್ಣಿನಲ್ಲಿ ನಿಂತಿದ್ದ. ಮಿರಗ, ಅಂದರೆ ಮೃಗಶಿರಾ ಮಳೆ ಆದ ಮರುದಿನ. ನಮ್ಮೂರ ಎರೆಮಣ್ಣು ಹಸಿಯಾದರೆ ಕಾಲಿನ ಚಪ್ಪಲಿಯನ್ನೇ ಬಿಡುವುದಿಲ್ಲ, ಇನ್ನು ಗಾಲಿಯನ್ನು ಬಿಟ್ಟೀತೇ? ಅವನ ಟಂಟಂ, ಅಂದರೆ ಸಾಮಾನು ಸಾಗಿಸುವ ಮೂರು ಗಾಲಿಯ ಗಾಡಿ, ನಮ್ಮ ಮನೆಯ ಎದುರಿಗೆ ಹುಗಿದುಕೊಂಡಿತ್ತು. ಮುಂದಿನ ಗಾಲಿ ಅರ್ಧ ಕಾಣುತ್ತಿತ್ತು, ಹಿಂದಿನವು ಎರಡೂ ಕಾಣುತ್ತಿರಲಿಲ್ಲ.

ಬಾಗಿಲಿಗೆ ಬಂದು, "ಆಯಿ, ಒಂದು ಹಾರಿ ಇದ್ರ ಕೊಡ್ರಿ" ಎಂದ.

"ಹಾರಿ ಐತಿ. ಅದನ್ನ ಎತ್ತೂ ಹಂಗ ನಿನ್ನ ಮಾರಿ ಕಾಣೂದಿಲ್ಲ. ಉಂಡೀಯೇನು?"

"ಹುಬ್ಬಳ್ಳಿಗೆ ಹೋಗಿ ಉಣ್ತೇನ್ರಿ."

"ಹುಬ್ಬಳ್ಳಿ ಇಲ್ಲಿಗೆ ಬರೂದಿಲ್ಲ, ನಿನ್ನ ಗಾಡಿ ಅಲ್ಲಿಗೆ ಹೋಗೂದಿಲ್ಲ. ಕೂಡ್ರು."

ಕುಳಿತ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ, ಮೊಸರು ಹಾಕಿದೆ. ಉಣ್ಣುವವರ ರೊಟ್ಟಿ ಎಣಿಸಬಾರದು, ನಾನು ಎಣಿಸಲಿಲ್ಲ. ಆದರೆ ಅವನು ಕುಳಿತಾಗ ಬುಟ್ಟಿಯಲ್ಲಿ ಇಪ್ಪತ್ತು ಇದ್ದವು, ಎದ್ದಾಗ ಒಂಬತ್ತು ಇದ್ದವು.

ಉಂಡ ಮೇಲೆ, ಮುಂಜಾನೆಯೇ ಖಾಲಿ ಮಾಡಿದ್ದ ತನ್ನ ಬುತ್ತಿಯ ಡಬ್ಬಿಯನ್ನು ತೊಳೆದು ನಮ್ಮ ಕಟ್ಟೆಯ ಮೇಲೆ ಬೋರಲು ಹಾಕಿದ. ಸಂಜೆ ಬಾಜು ಮನೆಯವರ ಎತ್ತು ಕಟ್ಟಿ ಗಾಡಿ ಎಳೆಸಿದೆವು. ಗಾಡಿ ಹೋಯಿತು, ಡಬ್ಬಿ ಉಳಿಯಿತು.

ನಾಲ್ಕನೇ ದಿನ ಡಬ್ಬಿ ಕೇಳಿಕೊಂಡು ಬಂದ. ನಮ್ಮ ಕಡೆ ಒಬ್ಬರ ಮನೆಯ ಪಾತ್ರೆ ನಮ್ಮ ಮನೆಗೆ ಬಂದರೆ ಅದನ್ನು ಬರಿದು ತಿರುಗಿ ಕೊಡುವುದಿಲ್ಲ. ಕೊಟ್ಟರೆ ಅವರ ಮನೆಯೂ ಬರಿದಾಗಲಿ ಎಂದ ಹಾಗೆ. ಅದಕ್ಕೆ ನಾನು ಆ ಡಬ್ಬಿಯಲ್ಲಿ ರೊಟ್ಟಿ ಮುರಿದು ಒತ್ತಿ ತುಂಬಿ, ಮೇಲೆ ಹಿಂಡಿ ಇಟ್ಟು ಕೊಟ್ಟೆ. ಅವನು ಅದನ್ನು ಹುಬ್ಬಳ್ಳಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲ ಇಳಿಸುವಾಗ ಬಿಚ್ಚಿದನಂತೆ. ಸುತ್ತ ಇದ್ದ ಹಮಾಲರು, ದಲಾಲರು ಒಂದೊಂದು ಚೂರು ತಿಂದರಂತೆ. ಅವನಿಗೆ ಒಂದು ಚೂರೂ ಉಳಿಯಲಿಲ್ಲವಂತೆ.

ಮರುವಾರ ಅದೇ ಡಬ್ಬಿ ಹಿಡಿದುಕೊಂಡು ಮತ್ತೆ ಬಂದ. ಒಳಗೆ ನಾಲ್ಕು ಬಾಳೆಹಣ್ಣು ಇದ್ದವು.

"ಇದೇನೋ?"

"ನಮ್ಮನಿಯಾಕಿ ಸುಧಾರಾಣಿ ಹಾಕ್ಯಾಳ್ರಿ. ಬರೀ ಡಬ್ಬಿ ಒಯ್ದ್ರ ಕಾಲ ಮುರಿತೇನಿ ಅಂದ್ಲು." ಆಮೇಲೆ ಕಟ್ಟೆಯ ಮೇಲೆ ಕುಳಿತು, "ಆಯಿ, ಆ ದಲಾಲರು ಕೇಳಾಕತ್ತಾರು. ರೊಟ್ಟಿ ಮಾಡಿ ಕೊಡ್ತೀರೇನ್ರಿ? ನಾ ಒಯ್ದು ಮನಿ ಮನಿಗೆ ಮುಟ್ಟಸ್ತೇನಿ" ಎಂದ.

ಅವನು ಅಣ್ಣಿಗೇರಿಯ ಕಡೆಯವನು, ವಯಸ್ಸು ನಲವತ್ತರ ಹತ್ತಿರ. ಕುರಿ ಕಾಯುವ ಮನೆತನ, ಇವನು ಮಾತ್ರ ಗಾಡಿ ಹಿಡಿದವನು. ಮೀಸೆ ದೊಡ್ಡದು, ಧೈರ್ಯ ಸಣ್ಣದು. ಏನು ಮಾಡಿದರೂ ಮೊದಲು ಒಬ್ಬರನ್ನು ಕೇಳಬೇಕು. ಅಂದಿನಿಂದ ಅವನು ಕೇಳುವವಳು ನಾನಾದೆ.

ನಾನು, ಎದುರು ಮನೆಯ ದುರ್ಗವ್ವ, ಇನ್ನು ನಾಲ್ಕು ಮಂದಿ ಹೆಂಗಸರು ಕೂಡಿ ರೊಟ್ಟಿ ಬಡಿಯಲು ಕುಳಿತೆವು. ಖಡಕ್ ರೊಟ್ಟಿಯ ಗುಣ ಏನೆಂದರೆ ತಿಂಗಳು ಇಟ್ಟರೂ ಕೆಡುವುದಿಲ್ಲ, ಆದರೆ ಒರಟು ಕೈ ಮುಟ್ಟಿದರೆ ಮುರಿಯುತ್ತದೆ. ಇದು ಪುಂಡಲೀಕನಿಗೆ ಗೊತ್ತಿರಲಿಲ್ಲ. ಮೊದಲ ಸಲ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು, ನಮ್ಮೂರ ರಸ್ತೆಯ ಕುಣಿಗಳನ್ನೆಲ್ಲ ಹಾಯ್ದು ಒಯ್ದ. ಸಂಜೆ ಹುಬ್ಬಳ್ಳಿಯಿಂದ ಅವನಿಗೆ ರಜಿಯಾಬೇಗಂ ಎಂಬವರ ಫೋನು ಬಂತು. ಅವರು ಒಂದು ಹೊಸ ಬಡಾವಣೆಯಲ್ಲಿ ಇರುವವರು, ಅಲ್ಲಿಯ ಹೆಂಗಸರಿಗೆಲ್ಲ ಅವರೇ ಮುಂದಾಳು.

"ಅರೆ ಬಾಬಾ, ರೊಟ್ಟಿ ಕಳಸಂದ್ರ ನುಚ್ಚು ಕಳಿಸೀಯಲ್ಲ! ಇದನ್ನ ಕೈಲೆ ತಿನ್ಲೋ ಚಮಚಾದ್ಲೆ ತಿನ್ಲೋ?"

ಆಮೇಲೆ ಅಣ್ಣಿಗೇರಿಯ ತಗಡುಗಾರ ಜಹೀರುದ್ದೀನ ರೊಟ್ಟಿಯ ಅಳತೆಗೆ ಅಗಲವಾದ, ಗುಂಡನೆಯ ಡಬ್ಬಿ ಮಾಡಿಕೊಟ್ಟ. ಒಂದರಲ್ಲಿ ಇಪ್ಪತ್ತು ರೊಟ್ಟಿ ಅಲುಗಾಡದೆ ಕೂಡುತ್ತಿದ್ದವು. ಅಂಥವು ಅರವತ್ತು. ರೊಟ್ಟಿ ಹೋಗಬೇಕು, ಡಬ್ಬಿ ತಿರುಗಿ ಬರಬೇಕು, ಮತ್ತೆ ರೊಟ್ಟಿ ಹೋಗಬೇಕು. ಪುಂಡಲೀಕ ಧಾರವಾಡದಲ್ಲಿ ಸಣ್ಣ ವ್ಯಾಪಾರದ ಒಂದು ದಿನದ ತರಬೇತಿಗೆ ಹೋಗಿ ಬಂದಿದ್ದ. ಬಂದವನೇ ನಮ್ಮ ಪಡಸಾಲೆಯ ಗೋಡೆಯ ಮೇಲೆ ಸುಣ್ಣದ ಕಡ್ಡಿಯಿಂದ ಒಂದು ದೊಡ್ಡ ಚಕ್ರ ಬರೆದ.

"ಇದಕ್ಕ ಸಪ್ಲೈ ಚೈನ್ ಅಂತಾರ್ರಿ. ಇದು ಹೊಲ, ಇದು ಗಿರಣಿ, ಇದು ಹಂಚು, ಇದು ಡಬ್ಬಿ, ಇದು ನನ್ನ ಗಾಡಿ, ಇದು ಹುಬ್ಬಳ್ಳಿ ಮನಿ. ಅಲ್ಲಿಂದ ಡಬ್ಬಿ ಮತ್ತ ಇಲ್ಲಿಗೆ."

ದುರ್ಗವ್ವ ಹಿಟ್ಟಿನ ಕೈ ಎತ್ತಿ, "ಇದರಾಗ ನಾ ಎಲ್ಲಿದ್ದೀನೋ?" ಎಂದಳು.

"ಹಂಚಿನ ಮುಂದ, ದುರ್ಗವ್ವಾರ."

"ನಲವತ್ತು ವರ್ಷದಿಂದ ಅಲ್ಲೇ ಇದ್ದೇನಲ್ಲೋ! ಗ್ವಾಡಿ ಕೆಡಿಸಿ ಹೇಳೂದೇನಿತ್ತು?"

ಆ ಚಕ್ರ ಇವತ್ತಿಗೂ ನಮ್ಮ ಗೋಡೆಯ ಮೇಲೆ ಇದೆ. ಹೊಲದಿಂದ ಗಿರಣಿಗೆ ಹೋಗುವ ಗೆರೆಯ ಪಕ್ಕದಲ್ಲಿ ಮಾತ್ರ ಅವನು ಏನೂ ಬರೆಯಲಿಲ್ಲ. ಜೋಳ ಸಾಗಿಸಲು ದೊಡ್ಡ ಗಾಡಿ ಇರಲಿಲ್ಲ, ಟಂಟಂನಲ್ಲಿಯೇ ಎರಡೆರಡು ಚೀಲ ತರುತ್ತಿದ್ದ.

ಒಂದು ಚಳಿಗಾಲ, ಒಂದು ಬೇಸಿಗೆ ಹಾಗೂ ಹೀಗೂ ನಡೆಯಿತು. ಸುಧಾರಾಣಿಗೆ ಮಾತ್ರ ನಂಬಿಕೆ ಇರಲಿಲ್ಲ. ಅವಳ ಅಣ್ಣ ಸುಭಾಸನಿಗೆ ಅಣ್ಣಿಗೇರಿಯಲ್ಲಿ ಟ್ರ್ಯಾಕ್ಟರು, ಅದಕ್ಕೆ ಕಟ್ಟಿ ಎಳೆಯುವ ನೀರಿನ ಟ್ಯಾಂಕರು ಇತ್ತು. ನಲವತ್ತು ಓಣಿಗೆ ನೀರು ಹಾಕುವವನು. ತಂಗಿಯ ಗಂಡ ರೊಟ್ಟಿ ಹೊತ್ತುಕೊಂಡು ತಿರುಗುವುದು ಅವನಿಗೆ ನಾಚಿಕೆ. ಕಂಡಲ್ಲೆಲ್ಲ, "ಬಂದ ನೋಡ್ರಿ ರೊಟ್ಟಿ ಸಾಹುಕಾರ! ಪುಂಡಲೀಕ, ಬಂದು ನನ್ನ ಟ್ಯಾಂಕರ್ ಹೊಡಿ, ಮೂರು ಹೊತ್ತು ಉಂಡು ನಾ ಹೇಳಿದಂಗ ಕೇಳಿಕೊಂಡಿರು" ಎನ್ನುತ್ತಿದ್ದ. ಪುಂಡಲೀಕನಿಗೆ ಟ್ಯಾಂಕರಿನ ಅಂಜಿಕೆ ಇರಲಿಲ್ಲ. 'ನಾ ಹೇಳಿದಂಗ' ಎಂಬುದರ ಅಂಜಿಕೆ.

ಅಷ್ಟರಲ್ಲಿ ರಜಿಯಾಬೇಗಂ ಅವರ ಬಡಾವಣೆಯಿಂದ ಮಾತು ಬಂತು. ಅಲ್ಲಿ ಅರವತ್ತು ಮನೆ. ನಾಗರ ಪಂಚಮಿಯ ಮುಂಚೆ ನಮ್ಮ ಕಡೆ ರೊಟ್ಟಿ ಪಂಚಮಿ ಮಾಡುತ್ತಾರೆ, ಅವತ್ತು ಒಬ್ಬರ ಮನೆಯ ರೊಟ್ಟಿ ಇನ್ನೊಬ್ಬರ ಮನೆಗೆ ಹೋಗಬೇಕು. ಆ ದಿನ ಅರವತ್ತು ಮನೆಗೂ ಒಂದೊಂದು ಡಬ್ಬಿ ಮುಟ್ಟಿಸಿದರೆ ಮುಂದೆ ವರ್ಷವಿಡೀ ಪ್ರತಿ ವಾರ ನಿಮ್ಮದೇ ರೊಟ್ಟಿ ಎಂದರು. ಇದನ್ನು ಕೇಳಿ ಪುಂಡಲೀಕ ಹಿಗ್ಗಿ, ಹೆಂಡತಿಯ ಮುಂದೆ ಬಾಯಿ ಬಿಟ್ಟು ಮಾತು ಕೊಟ್ಟುಬಿಟ್ಟ.

"ಪಂಚಮಿಗೆ ಅರವತ್ತಕ್ಕ ಅರವತ್ತು ಮುಟ್ಟಸ್ತೇನಿ. ಒಂದು ತಪ್ಪಿದ್ರೂ ಮರುದಿನ ನಿಮ್ಮಣ್ಣನ ಟ್ಯಾಂಕರ್ ಏರ್ತೇನಿ."

"ಆಣಿ ಮಾಡು" ಎಂದಳು ಸುಧಾರಾಣಿ. ಮಾಡಿದ. ಆಮೇಲೆ ನಮ್ಮ ಮನೆಗೆ ಬಂದು ಡಬ್ಬಿ ಎಣಿಸಿದ. ಹದಿನಾಲ್ಕು ಇದ್ದವು.

"ಆಯಿ, ಉಳಿದ ನಲವತ್ತಾರು ಎಲ್ಲಿ ಹ್ವಾದ್ವು?"

"ನೀ ಒಯ್ದ ಮನಿಯಾಗ."

ಜಹೀರುದ್ದೀನನನ್ನು ಕೇಳಿದರೆ, ಕಾಳು ತುಂಬುವ ದೊಡ್ಡ ಡಬ್ಬಗಳ ಕೆಲಸ ಹಿಡಿದಿದ್ದೇನೆ, ದೀಪಾವಳಿಯವರೆಗೆ ತಲೆ ಎತ್ತುವ ಹಾಗಿಲ್ಲ ಎಂದ. ಪಂಚಮಿಗೆ ಒಂದು ತಿಂಗಳಿತ್ತು. ಪುಂಡಲೀಕ ಮನೆಮನೆಗೆ ಫೋನು ಮಾಡಿದ. ಎಲ್ಲರೂ "ಕೊಡ್ತೀವ್ರಿ, ಕೊಡ್ತೀವಿ" ಎಂದರು. ಯಾರೂ ಕೊಡಲಿಲ್ಲ. ಕಡೆಗೆ ನನ್ನನ್ನು ಗಾಡಿಯಲ್ಲಿ ಕೂಡಿಸಿಕೊಂಡು ಹುಬ್ಬಳ್ಳಿಗೆ ಹೊರಟ. "ನೀವು ಹಿರ್ಯಾರು, ನಿಮ್ಮ ಮಾತು ಕೇಳ್ತಾರ" ಎಂದ.

ಮೊದಲು ರಜಿಯಾಬೇಗಂ ಅವರ ಮನೆ. ಅವರ ಕಪಾಟಿನಲ್ಲಿ ನಮ್ಮ ಡಬ್ಬಿ ಮೂರು, ತೊಳೆದು ಒರೆಸಿ ಒಂದರ ಮೇಲೊಂದು ಇಟ್ಟಿದ್ದವು.

"ಇವನ್ನ ಕೊಟ್ಟುಬಿಡ್ರಲ್ಲ" ಎಂದ ಪುಂಡಲೀಕ.

"ಬರೀ ಡಬ್ಬಿ ಹೆಂಗ ಕೊಡ್ಲಿ? ನಾಳೆ ಶೀರಾ ಮಾಡ್ಬೇಕಂತೀನಿ, ಮೊಣಕಾಲು ನೋವು ಬರ್ತದ. ಒಂದು ಹೋಗಿ ಮೂರಾದವು. ಈಗ ಮೂರಕ್ಕೂ ಶೀರಾ ಮಾಡಬೇಕಲ್ಲ!"

ಮುಂದಿನ ಮನೆಯಾಕೆ, ಹಾಕಿದ ಉಪ್ಪಿನಕಾಯಿ ಇನ್ನೂ ನೆನೆದಿಲ್ಲ, ನೆನೆದ ಮೇಲೆ ಹಾಕಿ ಕೊಡುತ್ತೇನೆ ಎಂದಳು. ಅದರ ಮುಂದಿನಾಕೆ ಮಗಳ ಸೀಮಂತದ ಉಂಡಿಗಾಗಿ ಡಬ್ಬಿ ತಡೆದಿದ್ದಳು. ಮಗಳು ಆಗ ಮೂರು ತಿಂಗಳ ಬಸುರಿ. ನಾಲ್ಕನೇ ಮನೆಯ ಮುಂದೆ ಪುಂಡಲೀಕ ನನ್ನ ಕಿವಿಯಲ್ಲಿ, "ಆಯಿ, ನೀವರ ಹೇಳ್ರಿ, ಖಾಲಿ ಕೊಟ್ರ ನಡೀತೈತಿ ಅಂತ" ಎಂದ.

"ನನ್ನ ಬಾಯಾಗ ಬರೂದಿಲ್ಲಪಾ."

ನಿಜವಾಗಿ ಬರಲಿಲ್ಲ. ಅರವತ್ತೆಂಟು ವರ್ಷ ಮಾಡದ ಕೆಲಸವನ್ನು ಇನ್ನೊಬ್ಬರಿಗೆ ಮಾಡೆಂದು ಹೇಗೆ ಹೇಳುವುದು? ಅವನೇ ಹೇಳಿದ. ಆ ಮನೆಯಾಕೆ ಅವನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ, "ನಿಮ್ಮನಿಯಾಗ ಹಂಗ ಕೊಡ್ತಾರೇನು?" ಎಂದು ಕೇಳಿದಳು. ಪುಂಡಲೀಕನಿಗೆ ಬಾಳೆಹಣ್ಣು ನೆನಪಾಗಿರಬೇಕು, ಗಾಡಿಯ ಕಡೆ ತಿರುಗಿದ.

ನಾನು ಬಾಗಿಲಿಗೆ ಬಂದದ್ದರಿಂದ ಕೆಲವರು ಮನೆಯಲ್ಲಿದ್ದದ್ದನ್ನೇ ಗಡಿಬಿಡಿಯಿಂದ ತುಂಬಿ ಕೊಟ್ಟರು. ಸಂಜೆ ಊರಿಗೆ ತಿರುಗಿದಾಗ ಗಾಡಿಯಲ್ಲಿ ಒಂಬತ್ತು ಡಬ್ಬಿ ಇದ್ದವು. ಅವುಗಳೊಳಗೆ ಉಪ್ಪಿಟ್ಟು, ಎರಡು ಥರದ ಚಿತ್ರಾನ್ನ, ಒಂದು ರವಿಕೆ ಕಣ, ಮಾವಿನಹಣ್ಣು, ಕರಿಬೇವು, ಒಂದರಲ್ಲಿ ಹುಣಸೆಹಣ್ಣು. ಹೋಗುವಾಗ ಹಗುರಾಗಿ ಹೋದ ಗಾಡಿ ಬರುವಾಗ ಏರಿನಲ್ಲಿ ಏದುಸಿರು ಬಿಟ್ಟಿತು.

ದುರ್ಗವ್ವ ರವಿಕೆ ಕಣ ನೋಡಿ, "ಈಕಿಗೆ ಮುಂದಿನ ಸಲ ಐದು ರೊಟ್ಟಿ ಜಾಸ್ತಿ ಇಡಬೇಕು, ಮತ್ತೇನು" ಎಂದಳು.

"ಜಾಸ್ತಿ ಇಟ್ರ ಡಬ್ಬಿ ಮುಚ್ಚೂದಿಲ್ರಿ!" ಎಂದು ಪುಂಡಲೀಕ ಅಳುವ ಹಾಗೆ ಮಾಡಿದ.

ಮರುದಿನ ಅವನಿಗೊಂದು ಉಪಾಯ ಹೊಳೆಯಿತು. ಎಲ್ಲರಿಗೂ ಫೋನು ಮಾಡಿ, ಒಂದು ಚಿಟಿಕೆ ಸಕ್ಕರೆ ಹಾಕಿ ಕೊಡಿರಿ, ಸಾಕು, ಆಯಿ ಹೇಳಿದ್ದಾರೆ ಎಂದ. ನಾನು ಹೇಳಿರಲಿಲ್ಲ. ಆದರೂ ಸಕ್ಕರೆ ಆಗದು ಎನ್ನುವವರು ಯಾರು? ಎರಡು ವಾರದಲ್ಲಿ ಹದಿನೈದು ಡಬ್ಬಿ ಬಂದವು. ನಾವು ಅವುಗಳನ್ನು ಒಳಗೆ ಒಯ್ದು, ಪಂಚಮಿಗೆಂದು ಬಡಿದಿಟ್ಟ ರೊಟ್ಟಿ ಬುಟ್ಟಿಗಳ ಬಾಜು ಪೇರಿಸಿದೆವು. ಮೂರನೇ ದಿನ ಬುಟ್ಟಿ ಮುಚ್ಚಿದ ಬಟ್ಟೆ ತೆಗೆದರೆ ಬಿಳಿ ರೊಟ್ಟಿ ಕಪ್ಪಾಗಿದ್ದವು. ಹುಬ್ಬಳ್ಳಿಯ ಸಕ್ಕರೆಗೆ ಯರಗುಪ್ಪಿಯ ಇರುವೆಗಳೆಲ್ಲ ಬಂದಿದ್ದವು. ನೂರಾ ಎಪ್ಪತ್ತು ರೊಟ್ಟಿ ಎಮ್ಮೆಗೆ ಹೋದವು. ಎಮ್ಮೆ ಮೊದಲು ಸಂಶಯದಿಂದ ನೋಡಿತು, ಆಮೇಲೆ ತಿಂದಿತು.

"ಉಪ್ಪು ಹಾಕಿಸಿದ್ರ?" ಎಂದ ಪುಂಡಲೀಕ.

"ಉಪ್ಪು ಕೈಯಿಂದ ಕೈಗೆ ಕೊಟ್ರ ಜಗಳ ಆಗತಾವು."

"ಮುಂದಿನ ವಾರ ಎಷ್ಟು ರೊಟ್ಟಿ ಬೇಕಂತ ಬರ್ದು ಒಂದು ಚೀಟಿ ಹಾಕಿಸಿದ್ರ? ಡಬ್ಬಿನೂ ಬರಿದಲ್ಲ, ನಮಗೂ ಲೆಕ್ಕ ಸಿಗತೈತಿ."

ದುರ್ಗವ್ವ ಹಂಚಿನ ಮುಂದಿನಿಂದಲೇ, "ಚೀಟಿ ಉಣ್ಣಾಕ ಬರತೈತೇನೋ? ನಿಮ್ಮತ್ತಿ ಮನಿಗೆ ಹಬ್ಬಕ್ಕ ಚೀಟಿ ಬಡಿಸ್ತಾರೇನು?" ಎಂದಳು.

ಪಂಚಮಿಗೆ ಹನ್ನೆರಡು ದಿನ ಉಳಿದಿದ್ದವು. ಕೈಯಲ್ಲಿ ಮೂವತ್ತೆಂಟು ಡಬ್ಬಿ. ಪುಂಡಲೀಕ ಗೋಡೆಯ ಚಕ್ರದ ಕೆಳಗೆ ತಲೆಯ ಮೇಲೆ ಕೈ ಹೊತ್ತು ಕುಳಿತಿದ್ದ. ಸುಭಾಸ ಆಗಲೇ ಟ್ರ್ಯಾಕ್ಟರಿನ ಸೀಟಿಗೆ ಹೊಸ ಹೊದಿಕೆ ಹೊಲಿಸಿದ್ದಾನೆ ಎಂದು ಹೆಂಡತಿ ಸುದ್ದಿ ತಂದಿದ್ದಳಂತೆ. ನಾನು ಜೋಳ ಹಸನು ಮಾಡುತ್ತಿದ್ದೆ. ಮೊರದಲ್ಲಿ ಕಾಳು ಆಡಿಸುವಾಗ ನನ್ನ ಅತ್ತೆಯ ನೆನಪಾಯಿತು. ಏನೂ ಇಲ್ಲದ ವರ್ಷಗಳಲ್ಲಿ ಅವರು ಪರರ ಬೋಗುಣಿಯಲ್ಲಿ ನಾಲ್ಕು ಕಾಳು ಜೋಳ ಹಾಕಿ ಕೊಡುತ್ತಿದ್ದರು. ನಾಲ್ಕೇ ಕಾಳು. ಕೊಡುವಾಗ ತಲೆ ತಗ್ಗಿಸುತ್ತಿರಲಿಲ್ಲ.

"ಪುಂಡಲೀಕ, ಜೋಳ ಹಾಕಿದ್ರ ಡಬ್ಬಿ ಬರಿದಲ್ಲ. ಇರುವಿನೂ ಲಗೂ ಹತ್ತೂದಿಲ್ಲ."

"ಹುಬ್ಬಳ್ಳಿ ಮನಿಯಾಗ ಜೋಳ ಎಲ್ಲಿರತೈತ್ರಿ ಆಯಿ? ಅವರು ಹಿಟ್ಟು ತರೂ ಮಂದಿ."

"ನಾವ ಕಳಸೂಣು."

ಒಂದು ಹಳೆಯ ಸೀರೆಯನ್ನು ಕೌದಿಗೆಂದು ಹರಿದಿಟ್ಟಿದ್ದೆ. ಅದರಲ್ಲಿ ಅರವತ್ತು ಚೂರು ಕತ್ತರಿಸಿದೆ. ಒಂದೊಂದರಲ್ಲಿ ಒಂದು ಹಿಡಿ ಜೋಳ ಹಾಕಿ ಗಂಟು ಕಟ್ಟಿದೆ. ರೊಟ್ಟಿಯ ಡಬ್ಬಿಯ ಜೊತೆ ಈ ಗಂಟು ಹೋಗಬೇಕು, ಖಾಲಿ ಡಬ್ಬಿಯ ಒಳಗೆ ಇದೇ ಗಂಟು ತಿರುಗಿ ಬರಬೇಕು.

ದುರ್ಗವ್ವ ಒಪ್ಪಲಿಲ್ಲ. "ನೀಲಕ್ಕ, ಇದು ಮೋಸ. ನಮ್ಮ ಜೋಳನ ನಮಗ ಬಂದಂಗಾತಲ್ಲ!"

"ಕೊಟ್ಟ ಮ್ಯಾಲೆ ಅವರದು. ಅವರು ಕೊಟ್ಟ ಮ್ಯಾಲೆ ನಮ್ಮದು."

ದುರ್ಗವ್ವ ಎರಡು ರೊಟ್ಟಿ ಬಡಿಯುವಷ್ಟು ಹೊತ್ತು ವಿಚಾರ ಮಾಡಿದಳು. "ಹೌದು. ನಾ ಲಗ್ನಕ್ಕ ಕೊಟ್ಟ ಸೀರಿ ಮೂರು ಮನಿ ತಿರುಗಿ ನನಗ ಬಂದಿತ್ತು. ಯಾರೂ ಮೋಸ ಅನ್ಲಿಲ್ಲ" ಎಂದಳು.

ಪುಂಡಲೀಕ ಗಂಟುಗಳನ್ನು ತೆಗೆದುಕೊಂಡು ಹುಬ್ಬಳ್ಳಿಗೆ ಹೋದ. ರಜಿಯಾಬೇಗಂ ಅವರ ಬಾಗಿಲಲ್ಲಿ ನಿಂತು ಮೂರು ಗಂಟು ಅವರ ಕೈಗೆ ಕೊಟ್ಟು, "ಇದನ್ನ ತಗೊಳ್ರಿ" ಎಂದ. ತೆಗೆದುಕೊಂಡರು. "ಈಗ ಇದನ್ನ ಡಬ್ಯಾಗ ಹಾಕಿ ನನಗ ಕೊಡ್ರಿ."

ಅವರು ಗಂಟನ್ನು ನೋಡಿದರು, ಅವನನ್ನು ನೋಡಿದರು. "ತಲಿ ಗಿಲಿ ಕೆಟ್ಟದೇನಪಾ?"

"ಆಯಿ ಹೇಳ್ಯಾರ್ರಿ." ಈ ಸಲ ನಾನು ನಿಜವಾಗಿ ಹೇಳಿದ್ದೆ.

ಅವರು ನಕ್ಕು ನಕ್ಕು ಕಣ್ಣು ಒರೆಸಿಕೊಂಡು ಡಬ್ಬಿ ಕೊಟ್ಟರಂತೆ. ಆದರೂ ಮನಸ್ಸು ತಡೆಯದೆ ಒಂದೊಂದರಲ್ಲಿ ಎರಡೆರಡು ಖರ್ಜೂರ ಇಟ್ಟಿದ್ದರು. ಸೀಮಂತದಾಕೆಯೂ ಕೊಟ್ಟಳು, ಉಪ್ಪಿನಕಾಯಿಯಾಕೆಯೂ ಕೊಟ್ಟಳು. ಒಂದು ವಾರ ತಿರುಗಿ ಇಪ್ಪತ್ತೊಂದು ಡಬ್ಬಿ ತಂದ. ಒಟ್ಟು ಐವತ್ತೊಂಬತ್ತು.

ನಾನು ಮೂರು ಸಲ ಎಣಿಸಿದೆ. ಐವತ್ತೊಂಬತ್ತೇ.

"ಒಂದ ಅಲ್ಲೇನು, ಹೋಗ್ಲಿ ಬಿಡ್ರಿ" ಎಂದಳು ದುರ್ಗವ್ವ. ಹೋಗಲಿ ಎನ್ನುವ ಹಾಗಿರಲಿಲ್ಲ. ರೊಟ್ಟಿ ಪಂಚಮಿಯ ದಿನ ಒಂದು ಮನೆ ಬಿಟ್ಟು ಹಂಚಿದರೆ ಆ ಮನೆಯವರು ಹನ್ನೆರಡು ವರ್ಷ ನೆನಪಿಡುತ್ತಾರೆ. ಅಲ್ಲದೆ ಅರವತ್ತಕ್ಕೆ ಅರವತ್ತು ಎಂದು ಆಣೆ ಮಾಡಿದವನು ಇವನೇ.

ಆ ಒಂದು ಡಬ್ಬಿ ಎಲ್ಲಿದೆ ಎಂದು ಪುಂಡಲೀಕನಿಗೆ ಗೊತ್ತಿತ್ತು. ಹೇಳಲು ನಾಚಿಕೊಂಡಿದ್ದ. ಯುಗಾದಿಗೆ ಸುಧಾರಾಣಿ ಅದರಲ್ಲಿ ರೊಟ್ಟಿ ತುಂಬಿಕೊಂಡು ತವರಿಗೆ ಒಯ್ದಿದ್ದಳು. ಡಬ್ಬಿ ಸುಭಾಸನ ಮನೆಯಲ್ಲಿತ್ತು.

ಪಂಚಮಿಗೆ ಎರಡು ದಿನ ಇರುವಾಗ ಜೋಳದ ಗಂಟು ಹಿಡಿದು ಅಣ್ಣಿಗೇರಿಗೆ ಹೋದ. ಅಲ್ಲಿ ನಡೆದದ್ದನ್ನು ಅವನೇ ನನಗೆ ಹೇಳಿದ್ದು. ಸುಭಾಸ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದ. ಗಂಟು ನೋಡಿ, "ಇದೇನು, ಕೋಳಿಗೆ ತಂದೀಯೇನು?" ಎಂದ.

"ಸುಭಾಸಣ್ಣ, ಇದನ್ನ ಡಬ್ಯಾಗ ಹಾಕಿ ಕೊಟ್ಟಬಿಡು."

"ನಾನೇನು ಹಿಡಿ ಜೋಳ ಕೊಡೂ ಮನುಷ್ಯಾನೇನೋ? ನಮ್ಮ ಮನಿ ಮರ್ಯಾದಿ ಏನಾಗಬೇಕು?" ಎಂದು ಒಳಗೆ ಹೋಗಿ ಡಬ್ಬಿ ತಂದ. ಪುಂಡಲೀಕನ ಕಣ್ಣೆದುರಿಗೇ ತನ್ನ ಟ್ರ್ಯಾಕ್ಟರಿನ ಕೀಲಿಕೈ ಅದರೊಳಗೆ ಇಟ್ಟು, ಗಂಟನ್ನೂ ಇಟ್ಟು, ಮುಚ್ಚಳ ಒತ್ತಿ ಕೈಗೆ ಕೊಟ್ಟ. "ತಗೋ. ನಮ್ಮ ಮನಿಯಿಂದ ಬರೀ ಡಬ್ಬಿ ಹೋಗೂದಿಲ್ಲ. ಪಂಚಮಿ ಮರುದಿನ ಮುಂಜಾನೆ ಆರಕ್ಕ ಬಾ. ಸ್ನಾನ ಮಾಡಿಕೊಂಡು ಬಾ, ಸೀಟು ಹೊಸಾದೈತಿ."

ಡಬ್ಬಿಯಲ್ಲಿ ಇಟ್ಟು ಕೊಟ್ಟದ್ದನ್ನು ತೆಗೆದು ಅಲ್ಲೇ ತಿರುಗಿ ಕೊಡಲು ಬರುವುದಿಲ್ಲ. ಪುಂಡಲೀಕ ದಾರಿಯುದ್ದಕ್ಕೂ ಕೀಲಿಕೈ ಡಬ್ಬಿಯಲ್ಲಿ ಖಣಖಣ ಅನ್ನುವುದನ್ನು ಕೇಳುತ್ತ ಬಂದ. ನನ್ನ ಮುಂದೆ ಡಬ್ಬಿ ಇಟ್ಟಾಗ ಅವನ ಮೀಸೆಯೂ ಇಳಿದಿತ್ತು.

"ಅಂವ ತನ್ನ ಟ್ರ್ಯಾಕ್ಟರ್ ಹೆಂಗ ಹೊಡೀತಾನೋ ಹಂಗಾರ?" ಎಂದೆ.

"ಇನ್ನೊಂದು ಕೀಲಿಕೈ ಐತ್ರಿ ಅವಂಗ."

"ಹಂಗಾರ ನಮಗ ಅವಸರಿಲ್ಲ. ಡಬ್ಬಿ ತೊಳಿ."

ಕೀಲಿಕೈಯನ್ನು ದೇವರ ಜಗುಲಿಯ ಮೇಲೆ ಇಟ್ಟೆ. ಇರುವೆಗೆ ಹೋದ ರೊಟ್ಟಿಯ ಬದಲಿಗೆ ಆರೂ ಮಂದಿ ಕುಳಿತು ಮತ್ತೆ ಬಡಿದೆವು. ರೊಟ್ಟಿ ಪಂಚಮಿಯ ಮುಂಜಾನೆ ಅರವತ್ತು ಡಬ್ಬಿ, ಒಂದೊಂದರಲ್ಲಿ ಇಪ್ಪತ್ತು ರೊಟ್ಟಿ, ಜೊತೆಗೆ ಹಿಂಡಿ, ಮುಚ್ಚಳಕ್ಕೆ ಕಟ್ಟಿದ ಜೋಳದ ಗಂಟು. ಪುಂಡಲೀಕ ಕುಣಿ ಬಂದಲ್ಲಿ ಗಾಡಿ ನಿಲ್ಲಿಸಿ, ಕೈಯಿಂದ ತಳ್ಳಿ ದಾಟಿಸಿದನಂತೆ. ಹುಬ್ಬಳ್ಳಿ ಮುಟ್ಟಲು ಮೂರು ತಾಸು ಹಿಡಿಯಿತು. ಮಧ್ಯಾಹ್ನ ರಜಿಯಾಬೇಗಂ ಅವರ ಫೋನು ನನಗೇ ಬಂತು.

"ಆಯಿ, ಅರವತ್ತೂ ಮನಿಗೆ ಮುಟ್ಯಾವ. ಒಂದೂ ಮುರದಿಲ್ಲ. ಮುಂದಿನ ವಾರ ಯಾವತ್ತು ಕಳಸ್ತೀರಿ? ಮತ್ತ ಆ ಗಂಟು ಈಗ ಕೊಡಬೇಕೋ ಆಮ್ಯಾಲೆ ಕೊಡಬೇಕೋ?"

ಪಂಚಮಿಯ ಮರುದಿನ ಆರು ಗಂಟೆಗೆ ಸುಭಾಸನ ಮನೆಗೆ ಹೋದವಳು ಸುಧಾರಾಣಿ. ಸ್ನಾನ ಮಾಡಿಕೊಂಡೇ ಹೋಗಿದ್ದಳು. ಹಿಂದಿನ ಸಂಜೆಯೇ ರಜಿಯಾಬೇಗಂ ಖಾಲಿ ಮಾಡಿ ಕೊಟ್ಟ ಒಂದು ಡಬ್ಬಿಯಲ್ಲಿ ಇಪ್ಪತ್ತು ರೊಟ್ಟಿ, ರೊಟ್ಟಿಯ ಮೇಲೆ ಕೀಲಿಕೈ, ಮುಚ್ಚಳದ ಮೇಲೆ ಗಂಟು. "ಅಣ್ಣಾ, ನಮ್ಮ ಮನಿಯಿಂದನೂ ಬರೀ ಡಬ್ಬಿ ಬರೂದಿಲ್ಲ" ಎಂದಳಂತೆ. ಸುಭಾಸ ಅಲ್ಲೇ ಕಟ್ಟೆಯ ಮೇಲೆ ಕುಳಿತು ರೊಟ್ಟಿ ತಿಂದನಂತೆ. ಎಷ್ಟು ತಿಂದ ಎಂದು ಅವಳು ಎಣಿಸಲಿಲ್ಲ, ನನ್ನ ಹಾಗೆಯೇ ಉಳಿದದ್ದನ್ನು ನೋಡಿಕೊಂಡು ಬಂದಳು. ಎಂಟು.

ಈಗ ಒಂದೂವರೆ ವರ್ಷವಾಯಿತು. ಡಬ್ಬಿಗಳು ನೂರಾ ಇಪ್ಪತ್ತು ಆಗಿವೆ. ರೊಟ್ಟಿ ಬಡಿಯುವವರು ಹದಿನಾಲ್ಕು ಮಂದಿ. ಆ ಹಿಡಿ ಜೋಳ ಹುಬ್ಬಳ್ಳಿಗೂ ಯರಗುಪ್ಪಿಗೂ ತಿರುಗಿ ತಿರುಗಿ ನುಣುಪಾಗಿದೆ. ನಮ್ಮೂರಲ್ಲಿ ಅಷ್ಟು ತಿರುಗಾಡಿದವರು ಬೇರೆ ಯಾರೂ ಇಲ್ಲ ಎಂದು ದುರ್ಗವ್ವ ಹೇಳುತ್ತಾಳೆ. ಎರಡು ಸಲ ಹುಳ ಬಿದ್ದು ಬದಲಿಸಿದ್ದೇನೆ, ಗಂಟಿನ ಬಟ್ಟೆ ಮಾತ್ರ ಅದೇ. ಸುಭಾಸನ ಮನೆಯ ಡಬ್ಬಿಯೊಂದು ತಿರುಗಿ ಬಂದಿರಲಿಲ್ಲ. ನಾವೂ ಕೇಳಿರಲಿಲ್ಲ.

ಮೊನ್ನೆ ಮಂಗಳವಾರ ಪುಂಡಲೀಕ ಆ ಡಬ್ಬಿ ಹಿಡಿದುಕೊಂಡು ಬಂದ. ಸುಭಾಸನ ಓಣಿಗಳಿಗೆಲ್ಲ ನಳ ಬಂದು, ಟ್ರ್ಯಾಕ್ಟರು, ಟ್ಯಾಂಕರು ಎರಡೂ ಆರು ತಿಂಗಳಿಂದ ಬೇವಿನ ಗಿಡದ ಕೆಳಗೆ ನಿಂತಿವೆಯಂತೆ. ಹೊಸ ಸೀಟಿನ ಮೇಲೆ ಕೋಳಿ ತತ್ತಿ ಇಟ್ಟಿದೆಯಂತೆ. ಸುಭಾಸ ತಾನಾಗಿ ಬಂದು, ಮುಖ ಆ ಕಡೆ ತಿರುಗಿಸಿ, ಡಬ್ಬಿ ಕೊಟ್ಟು ಹೋದನಂತೆ. ಬಾಯಿಂದ ಏನೂ ಕೇಳಲಿಲ್ಲ.

ಪುಂಡಲೀಕ ಮುಚ್ಚಳ ತೆಗೆದು ನನ್ನ ಮುಂದೆ ಇಟ್ಟ. ಒಳಗೆ ಜೋಳದ ಗಂಟು ಇತ್ತು. ಬಾಜುವಿಗೆ ಕೀಲಿಕೈ, ಎಣ್ಣೆ ಹಚ್ಚಿ ಒರೆಸಿದ್ದು. ಈ ಸಲ ಒಂದಲ್ಲ, ಎರಡೂ ಇದ್ದವು.

ಅವನು ಗೋಡೆಯ ಚಕ್ರವನ್ನು ಬಹಳ ಹೊತ್ತು ನೋಡಿದ. ಹೊಲದಿಂದ ಗಿರಣಿಗೆ ಹೋಗುವ ಗೆರೆಯ ಪಕ್ಕ ಇನ್ನೂ ಏನೂ ಬರೆದಿರಲಿಲ್ಲ, ಜೋಳ ಇನ್ನೂ ಟಂಟಂನಲ್ಲಿಯೇ ಎರಡೆರಡು ಚೀಲ ಬರುತ್ತಿತ್ತು. ಮೀಸೆ ತಿರುವಿದ, ಬಿಟ್ಟ, ಮತ್ತೆ ತಿರುವಿದ. ನಗು ಬರುತ್ತಿತ್ತು, ತಡೆದುಕೊಂಡಿದ್ದ. ಆಮೇಲೆ ಮೊದಲ ದಿನ ಹಾರಿ ಕೇಳಿದ ಧ್ವನಿಯಲ್ಲಿಯೇ ಕೇಳಿದ:

"ಆಯಿ, ಬರೀ ಡಬ್ಬಿ ಅಂತೂ ತಿರುಗಿ ಕೊಡೂ ಹಂಗಿಲ್ಲ. ಇದರಾಗ ಏನ್ ಹಾಕಿ ಕಳಸ್ಲ್ರಿ?"